ಮರಡಿಹಳ್ಳಿಯ ದಿಂಬು ಲಾವಾ: ಪ್ರಾಚೀನ ಬಸಾಲ್ಟ್ ಶಿಲೆಗಳ ಉಗಮ

ಪೀಠಿಕೆ:
ಚಿತ್ರದುರ್ಗ ನಗರದಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿರುವ ಮರಡಿಹಳ್ಳಿಯಲ್ಲಿ ಒಂದರ ಮೇಲೊಂದು ದಿಂಬುಗಳನ್ನು ಪೇರಿಸಿಟ್ಟಂತೆ ತೋರುವ ಶಿಲೆಗಳಿವೆ. ಧಾರವಾಡ ಶಿಲಾಸಮೂಹಕ್ಕೆ ಸೇರಿದ ಇವು 250 ಕೋಟಿ ವರ್ಷಗಳಿಗೂ ಹಿಂದಿನವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1976ರಲ್ಲಿ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುತ್ತದೆ.

ರಚನೆಯಾದ ಬಗೆ:
ಬಸಾಲ್ಟ್ ಲಾವಾ ನೀರಿನೊಳಗೆ ಹೊರಹೊಮ್ಮಿದಾಗ ಅದರ ಮೇಲ್ಪದರವು ಕೂಡಲೇ ತಣಿದು ಗಾಜಿನಂತಹ ತೊಗಟೆಯಾಗುತ್ತದೆ. ಒಳಗಿನ ಶಿಲಾರಸವು ಈ ತೊಗಟೆಯನ್ನು ಸೀಳಿ ಹೊರಬಂದು ಮತ್ತೊಂದು ದಿಂಬಾಗಿ ಉಬ್ಬುತ್ತದೆ. ಪ್ರತಿಯೊಂದು ದಿಂಬೂ ಮೃದುವಾಗಿರುವಾಗಲೇ ಕೆಳಗಿನ ದಿಂಬುಗಳ ಸಂದಿಗೆ ಇಳಿಯುವುದರಿಂದ ಅದರ ಮೇಲ್ಭಾಗ ಉಬ್ಬಾಗಿಯೂ ಕೆಳಭಾಗ ಚೂಪಾಗಿಯೂ ಇರುತ್ತದೆ. ಶಿಲಾಸ್ತರಗಳು ಮಡಿಕೆಗೊಂಡು ಓರೆಯಾಗಿರುವ ಪ್ರದೇಶದಲ್ಲಿ ಮೂಲತಃ ಮೇಲ್ಮುಖವಾಗಿದ್ದ ಭಾಗ ಯಾವುದೆಂಬುದನ್ನು ಈ ಆಕಾರದಿಂದ ನಿರ್ಧರಿಸಬಹುದಾಗಿದೆ.

ರಾಸಾಯನಿಕ ಲಕ್ಷಣಗಳು:
ಬಸಾಲ್ಟ್ ಶಿಲೆಯಲ್ಲಿ ಸಿಲಿಕಾ ಪ್ರಮಾಣವು ಸಾಮಾನ್ಯವಾಗಿ ಶೇ. 45ರಿಂದ 52ರಷ್ಟಿರುತ್ತದೆ. ಕಾಲಾಂತರದಲ್ಲಿ ಶಾಖ, ಒತ್ತಡ ಹಾಗೂ ನೀರಿನ ಪ್ರಭಾವದಿಂದ ಮೂಲ ಖನಿಜಗಳು ಕ್ಲೋರೈಟ್, ಆಕ್ಟಿನೊಲೈಟ್, ಎಪಿಡೋಟ್‌ಗಳಾಗಿ ಮಾರ್ಪಟ್ಟು ಶಿಲೆಯು ಹಸಿರು ಬಣ್ಣ ತಳೆಯುತ್ತದೆ. ಈ ಮಾರ್ಪಾಡಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಧಾತುಗಳು ಸುಲಭವಾಗಿ ಸ್ಥಾನಾಂತರಗೊಳ್ಳುತ್ತವೆ. ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ ಧಾತುಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಆದುದರಿಂದ ಶಿಲೆಯ ಉಗಮವನ್ನು ತಿಳಿಯಲು ಇವುಗಳನ್ನೇ ಆಧಾರವಾಗಿಟ್ಟುಕೊಳ್ಳಲಾಗುತ್ತದೆ.

ಉಗಮದ ವಿಚಾರ:
ಥೋರಿಯಂ ಮತ್ತು ಲ್ಯಾಂಥನಂಗಳಿಗೆ ಹೋಲಿಸಿದಾಗ ನಿಯೋಬಿಯಂ ಕಡಿಮೆಯಿದ್ದಲ್ಲಿ, ಒಂದು ಭೂಫಲಕವು ಮತ್ತೊಂದರ ಅಡಿಗೆ ಸರಿಯುವ ವಲಯದಲ್ಲಿ ಲಾವಾ ಹುಟ್ಟಿರಬಹುದೆಂದು ಊಹಿಸಲಾಗುತ್ತದೆ. ಆದರೆ ಶಿಲಾರಸವು ಮೇಲೇರುವಾಗ ಹಳೆಯ ಭೂಖಂಡದ ಶಿಲೆಗಳನ್ನು ಕರಗಿಸಿಕೊಂಡಿದ್ದರೂ ಇದೇ ಲಕ್ಷಣ ಕಂಡುಬರುತ್ತದೆ. ಈ ಕಾರಣದಿಂದ ಚಿತ್ರದುರ್ಗ ಶಿಲಾಪಟ್ಟಿಯ ಬಸಾಲ್ಟ್‌ಗಳು ದ್ವೀಪಸರಣಿಯಲ್ಲಿ ಹುಟ್ಟಿದವೆಂದೂ, ಬಿರುಕುಬಿಟ್ಟ ಭೂಖಂಡದ ಮೇಲೆ ಹುಟ್ಟಿದವೆಂದೂ ಎರಡು ಅಭಿಪ್ರಾಯಗಳಿವೆ. ಪ್ರಯೋಗಾಲಯದ ಅಂಕಿಅಂಶಗಳಿಂದಷ್ಟೇ ಇದು ಇತ್ಯರ್ಥವಾಗುವುದಿಲ್ಲ. ಶಿಲೆಯು ನೆಲದಲ್ಲಿ ಇರುವ ಸ್ಥಿತಿಯನ್ನೂ ಪರಿಶೀಲಿಸಬೇಕಾಗುತ್ತದೆ.

ಸಾರ್ವಜನಿಕರಲ್ಲಿ ಮನವಿ:
ಒಡೆದು ತಂದ ಕಲ್ಲಿನ ಚೂರಿನಲ್ಲಿ ಧಾತುಗಳು ಉಳಿದಿರುತ್ತವೆ. ಆದರೆ ಅದು ಯಾವ ದಿಂಬಿನದು, ಯಾವ ಮುಖ ಮೇಲಿತ್ತು, ಪಕ್ಕದಲ್ಲಿ ಏನಿತ್ತು ಎಂಬ ಮಾಹಿತಿ ಶಾಶ್ವತವಾಗಿ ನಷ್ಟವಾಗುತ್ತದೆ. ಆದುದರಿಂದ ಸಂದರ್ಶಕರು ಹಾಗೂ ವಿದ್ಯಾರ್ಥಿಗಳು ಶಿಲೆಗಳನ್ನು ಒಡೆಯದೆ, ಅವುಗಳ ಮೇಲೆ ಹೆಸರು ಬರೆಯದೆ, ಛಾಯಾಚಿತ್ರ ಮತ್ತು ಟಿಪ್ಪಣಿಗಳಿಂದಲೇ ಅಧ್ಯಯನ ಮಾಡುವಂತೆ ಕೋರಲಾಗಿದೆ.