ಸನ್ನತಿಯಲ್ಲಿ ಸಿಕ್ಕ ಜಪಾನು

ಗೆಳೆಯರು ಜಪಾನಿನ ಮೂಲೆಮೂಲೆ ಸುತ್ತಿ ಪಗೋಡಾಗಳ ಫೋಟೋ ಕಳಿಸಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಆದಿತ್ಯನಗರದಿಂದ ಹೊರಟು, ಚಿತ್ತಾಪುರದಾಚೆ ಭೀಮೆಯ ದಂಡೆಯ ಸನ್ನತಿ ನೋಡಿದ ಮೇಲೆ ಅದು ಇಳಿಯಿತು.

೧೯೮೬ರಲ್ಲಿ ಇಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು! ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪ. ಅದರ ಶಿಲ್ಪವೊಂದರ ಮೇಲೆ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿದೆ.

ಇಂಥ ಸ್ತೂಪವೇ ಚೀನಾ, ಕೊರಿಯಾ ದಾಟಿ ಜಪಾನಿನಲ್ಲಿ ಪಗೋಡಾ ಆಯಿತು. ಹೋರ್ಯೂಜಿಯಲ್ಲಿ ಅವರು ಮರವನ್ನೇ ಸುಮಾರು ೧೩೦೦ ವರ್ಷ ಕಾಪಾಡಿದ್ದಾರೆ. ನಾವು ಅಶೋಕನ ಕಲ್ಲಿಗೆ ತೂತು ಕೊರೆದು ಅಕ್ಷರ ಕಳೆದೆವು. ಆದರೂ ದೇವಿ ಕೂತಿದ್ದಳೆಂದೇ ಉಳಿದದ್ದು ಉಳಿಯಿತೇನೋ...

ಜಪಾನಿಗೆ ಹೋಗುವವರು ಮೊದಲು ಸನ್ನತಿಗೊಮ್ಮೆ ಬನ್ನಿ.