ವಡ್ಡವಾರ: ಶಾಸನಗಳಲ್ಲಿ ಉಳಿದ ಒಂದು ವಾರನಾಮ

ಭಾರತದ ಶಾಸನಗಳಲ್ಲಿ ವಾರದ ಉಲ್ಲೇಖ ತಡವಾಗಿ ಬರುತ್ತದೆ. ಬುಧಗುಪ್ತನ ಕಾಲದ ಏರಣ್ ಸ್ತಂಭಶಾಸನ (ಕ್ರಿ.ಶ. 484) ಗುರುವಾರವನ್ನು ಹೆಸರಿಸುವುದು ಅದರ ಅತಿ ಹಳೆಯ ನಿದರ್ಶನಗಳಲ್ಲೊಂದು. ಕನ್ನಡ ಶಾಸನಗಳ ಆದಿತ್ಯವಾರ, ಸೋಮವಾರ, ಬೃಹವಾರಗಳು ಗ್ರಹನಾಮಗಳಿಂದಲೇ ಸ್ಪಷ್ಟ. ವಡ್ಡವಾರ ಮಾತ್ರ ಹಾಗಲ್ಲ. ‘ವಡ್ಡ’ಕ್ಕೆ ‘ದೊಡ್ಡ’ ಎಂಬ ಅರ್ಥವನ್ನು ಹಿಡಿದರೆ ಬೃಹಸ್ಪತಿಯ ಕಡೆಗೆ ವಾಲಬೇಕಾಗುತ್ತದೆ. ‘ಜಡ’ ಎಂದು ಹಿಡಿದರೆ, ಸಂಸ್ಕೃತದಲ್ಲಿ ಮಂದನೆಂದೇ ಹೆಸರಾದ ಶನಿಯ ಕಡೆಗೆ. ನಿಷ್ಪತ್ತಿಯೊಂದರಿಂದಲೇ ಇದು ತೀರ್ಮಾನವಾಗದು.

ಆದರೆ ಶಾಸನಗಳು ವಾರದೊಡನೆ ಶಕವರ್ಷ, ಮಾಸ, ಪಕ್ಷ, ತಿಥಿಗಳನ್ನೂ ನಮೂದಿಸುತ್ತವೆ; ಆದ್ದರಿಂದ ವಾರವನ್ನು ಗಣಿತದಿಂದಲೇ ಪರೀಕ್ಷಿಸಬಹುದು. ತಿಥಿಗಣನೆಯಲ್ಲಿ ಒಂದು ದಿನದ ವ್ಯತ್ಯಾಸ ಬರುವುದುಂಟು, ನಿಜ. ಗುರುವಾರಕ್ಕೂ ಶನಿವಾರಕ್ಕೂ ಇರುವ ಅಂತರ ಎರಡು ದಿನ. ಶಾಸನತಜ್ಞರು ವಡ್ಡವಾರವನ್ನು ಸಾಮಾನ್ಯವಾಗಿ ಶನಿವಾರವೆಂದು ಗ್ರಹಿಸಿದ್ದಾರೆ. ಪದದ ಅರ್ಥವನ್ನು ಪಂಚಾಂಗ ನಿರ್ಧರಿಸುವ ಇಂಥ ಸಂದರ್ಭಗಳು ಅರ್ಥವಿಜ್ಞಾನದಲ್ಲಿ ವಿರಳ. ‘ಜಡ’ ಎಂಬ ನಿಷ್ಪತ್ತಿಯೇ ನನಗೂ ಹೆಚ್ಚು ಸಂಭಾವ್ಯವೆನಿಸುತ್ತದೆ; ಆದರೆ ಅದು ಗಣನೆಯನ್ನು ಹಿಂಬಾಲಿಸಬೇಕೇ ಹೊರತು ಮುನ್ನಡೆಸಬಾರದು.

ಇನ್ನೊಂದು ಸಂಗತಿಯೂ ಗಮನಾರ್ಹ. ಆಡುನುಡಿಯು ಆದಿತ್ಯನನ್ನು ಐತವಾರದಲ್ಲಿ, ಬೃಹಸ್ಪತಿಯನ್ನು ಬೇಸ್ತವಾರದಲ್ಲಿ ತನ್ನದಾಗಿಸಿಕೊಂಡು ಉಳಿಸಿದೆ. ಸಂಸ್ಕೃತದ ಗ್ರಹನಾಮವನ್ನು ನೇರವಾಗಿ ಹೊರದ ವಡ್ಡವಾರವಾದರೋ ಬಳಕೆ ತಪ್ಪಿತು. ಅದರ ಸ್ಥಾನದಲ್ಲಿ ಇಂದು ಶನಿವಾರವಿದೆ.