ಕೈಕಸಿಯ ಮರಳ ಲಿಂಗ

ಗೋಕರ್ಣದ ಕಥೆಯನ್ನು ಆರನೆಯ ತರಗತಿಯ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ರಾವಣ ಕೈಲಾಸದಿಂದ ಆತ್ಮಲಿಂಗ ತಂದದ್ದು, ಸಂಧ್ಯಾವಂದನೆಯ ಹೊತ್ತಾಯಿತೆಂದು ಅದನ್ನು ವಟುವಿನ ವೇಷದ ಗಣಪತಿಯ ಕೈಗೆ ಕೊಟ್ಟದ್ದು, ಗಣಪತಿ ಮೂರು ಸಲ ಕೂಗಿ ನೆಲಕ್ಕಿಟ್ಟೇಬಿಟ್ಟದ್ದು. ಇಲ್ಲಿಗೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕಳೆದ ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಟೀಚರ್, ಹಾಗಾದ್ರೆ ಅವನ ಅಮ್ಮನಿಗೆ ಲಿಂಗ ಸಿಗಲೇ ಇಲ್ವಾ?” ಎಂದು ಕೇಳಿದಳು. ನಾನು ಏನೂ ಹೇಳದೆ ಪಾಠ ಮುಂದುವರಿಸಿದೆ.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಕಥೆ ಶುರುವಾಗುವುದೇ ತಾಯಿಯಿಂದ. ಕೈಕಸಿ ಕಡಲ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು. ತೆರೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ಅವಳ ಕಣ್ಣೀರು ನೋಡಲಾರದೆ ಮಗ ಕೈಲಾಸಕ್ಕೆ ಹೊರಟ.

ಅದೇ ತಿಂಗಳು ನಮ್ಮ ಅಮ್ಮನ ಪಿಂಡಪ್ರದಾನಕ್ಕೆ ತಮ್ಮನ ಜೊತೆ ಗೋಕರ್ಣಕ್ಕೆ ಹೋಗಬೇಕಾಯಿತು. ತಮ್ಮ ಕೋಟಿತೀರ್ಥದ ಮೆಟ್ಟಿಲ ಮೇಲೆ ಭಟ್ಟರ ಎದುರು ದರ್ಭೆ ಹಿಡಿದು ಕುಳಿತ. ಎಳ್ಳು, ಬಾಳೆ ಎಲೆ ತೆಗೆದುಕೊಟ್ಟ ಮೇಲೆ ನನಗಲ್ಲಿ ಕೆಲಸವಿರಲಿಲ್ಲ. ಕೊನೆಯ ಎರಡು ವರ್ಷ ಅಮ್ಮನಿಗೆ ತುತ್ತು ಉಣಿಸಿದ್ದು ನನ್ನ ಕೈ. ಕಡೆಯ ಅನ್ನ ಇಡುವ ಕೈ ಮಾತ್ರ ಮಗನದೇ ಆಗಬೇಕು. ಯಾರ ಮೇಲೂ ಸಿಟ್ಟಿರಲಿಲ್ಲ, ಆದರೂ ಗಂಟಲು ಕಟ್ಟಿತು.

ಆಮೇಲೆ ದೇವಸ್ಥಾನಕ್ಕೆ ಹೋದೆವು. ಇಲ್ಲಿ ಮೊದಲ ದರ್ಶನ ಗಣಪತಿಗೆ. ಎರಡೇ ಕೈಗಳ, ನಿಂತಿರುವ ಬಾಲಗಣಪತಿ. ತಲೆಯ ಮೇಲಿನ ತಗ್ಗು ರಾವಣ ಗುದ್ದಿದ್ದರಿಂದ ಆದದ್ದಂತೆ. ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಪೀಠದ ರಂಧ್ರಕ್ಕೆ ಬೆರಳಿಟ್ಟರೆ ಆತ್ಮಲಿಂಗದ ತುದಿ ತಾಗುತ್ತದೆ. ರಾವಣ ಕೀಳಲೆಂದು ತಿರುಚಿದಾಗ ಅದು ಹಸುವಿನ ಕಿವಿಯಂತಾಯಿತು, ಅದಕ್ಕೇ ಗೋಕರ್ಣ ಎನ್ನುತ್ತಾರೆ. ಅವನು ಸಿಟ್ಟಿನಿಂದ ಎಸೆದ ಸಂಪುಟ, ಮುಚ್ಚಳ, ದಾರ, ವಸ್ತ್ರ ಬಿದ್ದ ಕಡೆಗಳೇ ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರುಡೇಶ್ವರ.

ಕಥೆ ಹಾಗಿರಲಿ, ಕ್ಷೇತ್ರವಂತೂ ಬಹಳ ಹಳೆಯದು. ಮಹಾಭಾರತದ ವನಪರ್ವದ ತೀರ್ಥಗಳ ಸಾಲಿನಲ್ಲಿ ಇದರ ಹೆಸರಿದೆ. ತಮಿಳಿನ ತೇವಾರಂ ಕವಿಗಳೂ ಈ ಶಿವನನ್ನು ಹಾಡಿದ್ದಾರೆ. ಕಾಳಿದಾಸನ ರಘುವಂಶದಲ್ಲಿ ನಾರದ ಗೋಕರ್ಣಕ್ಕೆ ಹೊರಟಾಗಲೇ ಅವನ ವೀಣೆಯ ಹೂಮಾಲೆ ಜಾರಿಬಿದ್ದು ರಾಣಿ ಇಂದುಮತಿ ಪ್ರಾಣ ಬಿಡುತ್ತಾಳೆ.

ಸಂಜೆ ಗುಡಿಯ ಎದುರಿನ ಕಡಲ ದಂಡೆಯಲ್ಲಿ ಕುಳಿತೆ. ಯಾರದೋ ಮಕ್ಕಳು ಮರಳಿನ ಗುಡಿ ಕಟ್ಟುತ್ತಿದ್ದರು. ತೆರೆ ಬಂದು ಒಯ್ದರೂ ಮತ್ತೆ ಕಟ್ಟುತ್ತಿದ್ದರು. ನಾನೂ ಒಂದು ಹಿಡಿ ಹಸಿ ಮರಳು ತೆಗೆದುಕೊಂಡು, ಮಂತ್ರವಿಲ್ಲದೆ, ಅಮ್ಮನ ಹೆಸರು ಹೇಳಿ ದಂಡೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಕಡಲು ಅದನ್ನು ತೆಗೆದುಕೊಂಡಿತು. ಮನಸ್ಸು ಹಗುರವಾಯಿತು.

ಶಾಲೆಗೆ ಮರಳಿದ ಮೇಲೆ ಆ ಹುಡುಗಿಯನ್ನು ಹತ್ತಿರ ಕರೆದೆ. “ಇಲ್ಲ ಮಗಾ, ಅವನ ಅಮ್ಮನಿಗೆ ಸಿಗಲಿಲ್ಲ. ಆದರೆ ಅವಳು ಮರಳಿನ ಲಿಂಗ ಮಾಡದಿದ್ದರೆ ಗೋಕರ್ಣದ ಕಥೆಯೇ ಇರುತ್ತಿರಲಿಲ್ಲ” ಎಂದೆ.